ಊದುವವರೂ ಬಾರಿಸುವವರೂ

ಸಿರಾದಿಂದ ಹುಳಿಯಾರಿನ ಕಡೆಗೆ ಹೋಗುವ ದಾರಿಯಲ್ಲಿ ಬುಕ್ಕಾಪಟ್ಟಣ ಸಿಕ್ಕುತ್ತದೆ. ಸುತ್ತಲೂ ಕುರುಚಲು ಕಾಡು, ಕಲ್ಲುಗುಡ್ಡ, ಮಳೆಯನ್ನೇ ನಂಬಿದ ಹೊಲ. ಈ ಸೀಮೆ ಮೂಡಲಪಾಯ ಯಕ್ಷಗಾನದ ಸೀಮೆ. ಸುಗ್ಗಿ ಮುಗಿದ ಮೇಲೆ ಊರಮುಂದಿನ ಬಯಲಿನಲ್ಲಿ ಅಟ್ಟ ಕಟ್ಟಿ ರಾತ್ರಿಯಿಡೀ ಆಟವಾಡುವುದು ಇಲ್ಲಿಯ ವಾಡಿಕೆ. ಕರಾವಳಿಯ ಆಟಕ್ಕೆ ಚೆಂಡೆ ಹೇಗೋ ಹಾಗೆ ಮೂಡಲಪಾಯಕ್ಕೆ ಮುಖವೀಣೆ. ಗೇಣುದ್ದಕ್ಕಿಂತ ಸ್ವಲ್ಪ ಹೆಚ್ಚಿನ ಒಂದು ಮರದ ಕೊಳವೆ, ಅದರ ಬಾಯಿಗೆ ಎರಡು ಸೀಳಿನ ಪೀಪಿ. ನೋಡುವುದಕ್ಕೆ ನಾಗಸ್ವರದ ಮಗುವಿನಂತಿರುವ ಈ ವಾದ್ಯ ಕೂಗಿದರೆ ಮೈಲಿಯಾಚೆಗೆ ಕೇಳುತ್ತದೆ. ಅದರ ಜೊತೆಗೆ ಮದ್ದಳೆ. ಭಾಗವತರು ಪದವನ್ನು ಮುಗಿಸಿ ಉಸಿರು ತೆಗೆದುಕೊಳ್ಳುವ ಹೊತ್ತಿನಲ್ಲಿ, ವೇಷಧಾರಿ ಕುಣಿತಕ್ಕೆ ತೊಡಗುವ ಹೊತ್ತಿನಲ್ಲಿ, ಈ ಎರಡೇ ವಾದ್ಯಗಳು ಅಷ್ಟು ದೊಡ್ಡ ಬಯಲನ್ನು ತುಂಬಿಬಿಡುತ್ತವೆ. ಒಬ್ಬ ಊದುತ್ತಾನೆ, ಒಬ್ಬ ಬಾರಿಸುತ್ತಾನೆ. ಮೂರನೆಯವನ ಅಗತ್ಯ ಆಗ ಯಾರಿಗೂ ತೋರುವುದಿಲ್ಲ.

ಇದನ್ನು ಕೇಳಿ ಬೆಳೆದವರಿಗೆ, 1979ರ ಆಗಸ್ಟ್ ತಿಂಗಳ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಒಂದು ಸಣ್ಣ ಊರಿನಲ್ಲಿ ನಡೆದ ಕಚೇರಿ ವಿಚಿತ್ರವೆನಿಸಲಾರದು. ಆ ಊರಿನ ಹೆಸರು ವಿಲ್ಲಿಸಾವ್. ಲುಸರ್ನ್ ಪ್ರಾಂತ್ಯದ ಈ ಊರು ನಮ್ಮ ಹೋಬಳಿ ಪಟ್ಟಣಗಳ ಜಾತಿಗೆ ಸೇರಿದ್ದು. ರಾಜಧಾನಿಯಲ್ಲ, ದೊಡ್ಡ ವ್ಯಾಪಾರದ ನಗರವೂ ಅಲ್ಲ. ಅಲ್ಲಿಯ ಜಾಝ್ ಉತ್ಸವದ ವೇದಿಕೆಯ ಮೇಲೆ ಅಂದು ಇಬ್ಬರೇ ಇದ್ದರು. ಡ್ರಮ್ಮುಗಳ ಹಿಂದೆ ಮ್ಯಾಕ್ಸ್ ರೋಚ್, ಸ್ಯಾಕ್ಸೋಫೋನ್ ಹಿಡಿದು ಆಂಥೊನಿ ಬ್ರಾಕ್ಸ್‌ಟನ್. ಪಿಯಾನೊ ಇಲ್ಲ, ಬೇಸ್ ತಂತಿವಾದ್ಯವಿಲ್ಲ, ಮುಂದಾಗಿ ಬರೆದಿಟ್ಟ ಹಾಡಿನ ಹಂದರವಿಲ್ಲ. ಎದುರಿಗೆ ಸಭೆ, ಪಕ್ಕದಲ್ಲಿ ಧ್ವನಿಮುದ್ರಣದ ಯಂತ್ರ. ಆ ದಿನ ಹಿಡಿದಿಟ್ಟ ವಾದನ ಮುಂದೆ ಧ್ವನಿಮುದ್ರಿಕೆಯಾಗಿ ಹೊರಬಂತು. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ಎರಡರಲ್ಲಿ ಒಂದು, ಒಂದರಲ್ಲಿ ಎರಡು' ಎನ್ನಬಹುದು. ವೇದಾಂತ ಕೇಳಿದ ನಮ್ಮ ಕಿವಿಗೆ ಈ ಹೆಸರು ಪರಿಚಿತವೆಂದೇ ತೋರುತ್ತದೆ.

ಈ ಲೇಖನದಲ್ಲಿ ಹೇಳಹೊರಟಿರುವುದು ಆ ಎರಡರಲ್ಲಿ ಎರಡನೆಯವನ ಕಥೆಯನ್ನು, ಎಂದರೆ ಬಾರಿಸುವವನ ಕಥೆಯನ್ನು.

ನಮ್ಮ ಸಂಗೀತದ ಮಾತಿನಲ್ಲಿ ಅವನ ವಾದ್ಯಕ್ಕೆ ಪಕ್ಕವಾದ್ಯವೆಂದು ಹೆಸರು. ಮಾತು ಕೆಟ್ಟದ್ದಲ್ಲ, ಪಕ್ಕದಲ್ಲಿರುವುದು ಸ್ನೇಹದ ಲಕ್ಷಣವೂ ಹೌದು. ಆದರೆ ಪಕ್ಕ ಎಂದಮೇಲೆ ನಡುವೆ ಇನ್ನೊಬ್ಬರಿರಬೇಕಾಯಿತು. ಕಚೇರಿಯ ಕರಪತ್ರದಲ್ಲಿ ಗಾಯಕರ ಹೆಸರು ದಪ್ಪಕ್ಷರದಲ್ಲಿ, ಮೃದಂಗದವರದು ಅದರ ಕೆಳಗೆ, ಘಟ ಖಂಜಿರಗಳವರದು ಅದಕ್ಕೂ ಕೆಳಗೆ. ಮೂರು ಗಂಟೆಯ ಕಚೇರಿಯಲ್ಲಿ ತನಿ ಆವರ್ತನಕ್ಕೆ ದೊರೆಯುವ ಹೊತ್ತು ಅಳತೆಯದು. ಆ ಹೊತ್ತಿನಲ್ಲಿಯೇ ಸಭಿಕರು ಕಾಫಿಗೆ ಏಳುವುದನ್ನು ಕಂಡು ಎಷ್ಟೋ ಮಂದಿ ವಿದ್ವಾಂಸರು ನೊಂದಿದ್ದಾರೆ. ಹಳ್ಳಿಗಳಲ್ಲಿ ಅವನ ಸ್ಥಿತಿ ಇನ್ನೂ ಕೆಳಗಿನದು. ಮದುವೆಯ ಓಲಗ, ದೇವರ ಉತ್ಸವದ ಡೋಲು, ಊರಹಬ್ಬದ ತಮಟೆ, ಉರುಮೆ, ಯಾವುದೂ ಇಲ್ಲದೆ ಮಂಗಳಕಾರ್ಯ ನಡೆಯದು. ಬಾರಿಸಿದವನು ಮಾತ್ರ ಜಗಲಿಯ ಕೆಳಗೆ ನಿಂತು ಕೈಯೊಡ್ಡಬೇಕು. 'ಓಲಗದವರು ಬಂದರೇ?' ಎಂದು ಕೇಳುತ್ತಿದ್ದೆವೇ ಹೊರತು ಯಾರು ಬಂದರೆಂದು ಕೇಳಿದವರು ವಿರಳ. ವಾದ್ಯಕ್ಕೆ ಮರ್ಯಾದೆ, ವಾದಕನಿಗೆ ಹೆಸರಿಲ್ಲ. ಚರ್ಮ ಹದಮಾಡುವವರ, ಚರ್ಮ ಮುಟ್ಟುವವರ ಮೇಲೆ ನಮ್ಮ ಸಮಾಜ ಹೊರಿಸಿದ್ದ ಹೀನತೆಯ ಭಾರವೂ ಇದರಲ್ಲಿ ಸೇರಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ.

ಅಮೆರಿಕದ ಜಾಝ್ ಸಂಗೀತದಲ್ಲಿಯೂ ಡ್ರಮ್ಮಿನವನ ಪಾಡು ಬಹುಕಾಲ ಇದಕ್ಕೆ ಸಮೀಪವಾದದ್ದೇ. ಮುಂದೆ ನಿಂತು ನುಡಿಸುವವರು ತುತ್ತೂರಿಯವರು, ಸ್ಯಾಕ್ಸೋಫೋನಿನವರು. ಹಿಂದೆ ಕುಳಿತು ಕಾಲ ಹಿಡಿಯುವವನು ಡ್ರಮ್ಮಿನವನು. ಈ ಏರ್ಪಾಡು ಕದಲಿದ್ದು ಹೇಗೆಂಬುದನ್ನು ತಿಳಿಯಲು ಸ್ಯಾಕ್ಸೋಫೋನಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಹಳೆಯ ವಾದ್ಯಗಳಿಗೆ ಹುಟ್ಟಿದ ದಿನವಿರುವುದಿಲ್ಲ, ಸ್ಯಾಕ್ಸೋಫೋನಿಗೆ ಉಂಟು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯಶಿಲ್ಪಿ 1846ರಲ್ಲಿ ಪ್ಯಾರಿಸಿನಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಮೈ ಹಿತ್ತಾಳೆಯದು, ಬಾಯಿಗೆ ಕ್ಲಾರಿಯೊನೆಟ್ಟಿನಂತೆ ಒಂದೇ ಸೀಳಿನ ಪೀಪಿ. ಒಳಗಿನ ಕೊಳವೆಯಾದರೋ ಬಾಯಿಯಿಂದ ತುದಿಗೆ ಅಗಲವಾಗುತ್ತ ಹೋಗುತ್ತದೆ, ನಮ್ಮ ನಾಗಸ್ವರ ಮುಖವೀಣೆಗಳಂತೆಯೇ. ಆದ್ದರಿಂದ ಉಸಿರನ್ನು ಬಿಗಿಮಾಡಿದರೆ ಸ್ವರ ಸರಿಯಾಗಿ ಒಂದು ಸ್ಥಾಯಿ ಮೇಲಕ್ಕೆ ಹಾರುತ್ತದೆ. ಲೋಹದ್ದಾದರೂ ಕುಲದಲ್ಲಿ ಇದು ನಾಗಸ್ವರಕ್ಕೆ ದೂರದ ನೆಂಟ. ಮೊದಲು ಇದು ಸೇನೆಯ ಬ್ಯಾಂಡುಗಳಲ್ಲಿ ದುಡಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಆಫ್ರಿಕ ಮೂಲದ ಅಮೆರಿಕನ್ನರ ಕೈಸೇರಿ ಮಾತು ಕಲಿಯಿತು.

ಜಾಝ್ ಮೇಳದಲ್ಲಿ ಪಿಯಾನೊ ಸ್ವರಗಳ ಗುಂಪುಗಳನ್ನು ಕೊಡುತ್ತದೆ. ಬೇಸ್ ವಾದ್ಯ ನಡಿಗೆಯನ್ನು ಕೊಡುತ್ತದೆ. ಈ ನೆಲಗಟ್ಟಿನ ಮೇಲೆ ಸ್ಯಾಕ್ಸೋಫೋನು ಮನೋಧರ್ಮವನ್ನು ತೋರುತ್ತದೆ. 1960ರ ಡಿಸೆಂಬರಿನಲ್ಲಿ ಆರ್ನೆಟ್ ಕೋಲ್ಮನ್ ಎಂಬ ಸ್ಯಾಕ್ಸೋಫೋನ್ ವಾದಕರು 'ಫ್ರೀ ಜಾಝ್' ಎಂಬ ಧ್ವನಿಮುದ್ರಿಕೆಯನ್ನು ಮಾಡಿದರು. ಕಟ್ಟುಪಾಡಿಲ್ಲದ ಜಾಝ್ ಎಂದು ಅದರ ಅರ್ಥ. ಆ ಮುದ್ರಿಕೆಯ ಹೆಸರೇ ಮುಂದೆ ಒಂದು ಪಂಥದ ಹೆಸರಾಯಿತು. ಕರಿಯ ಜನ ಪೌರಹಕ್ಕುಗಳಿಗಾಗಿ ಬೀದಿಗಿಳಿದಿದ್ದ ಕಾಲ ಅದು. ಸಂಗೀತದಲ್ಲಿ ಬಿಡುಗಡೆ ಎಂಬ ಮಾತಿಗೆ ಆಗ ಸಂಗೀತಕ್ಕೆ ಮೀರಿದ ಅರ್ಥವೂ ಇತ್ತು. ಅದೇ 1960ರಲ್ಲಿ ಮ್ಯಾಕ್ಸ್ ರೋಚ್ ಅವರು ಸ್ವಾತಂತ್ರ್ಯದ ಬೇಡಿಕೆಯನ್ನೇ ವಸ್ತುವಾಗಿಟ್ಟುಕೊಂಡ ಒಂದು ದೀರ್ಘ ಕೃತಿಯನ್ನು ಮುದ್ರಿಸಿದ್ದರು.

ನೆಲಗಟ್ಟನ್ನು ತೆಗೆದರೆ ಏನು ಉಳಿಯುತ್ತದೆ? ಈ ಪ್ರಶ್ನೆಗೆ ನೇರವಾದ ಉತ್ತರ ದೊರೆತದ್ದು 1967ರ ಫೆಬ್ರವರಿ 22ರಂದು. ಜಾನ್ ಕೋಲ್ಟ್ರೇನ್ ಎಂಬ ಹೆಸರಾಂತ ಸ್ಯಾಕ್ಸೋಫೋನ್ ವಾದಕರು ನ್ಯೂ ಜೆರ್ಸಿಯ ಒಂದು ಸ್ಟುಡಿಯೋದಲ್ಲಿ ರಶೀದ್ ಅಲಿ ಎಂಬ ಡ್ರಮ್ ವಾದಕರೊಬ್ಬರನ್ನೇ ಜೊತೆಗಿಟ್ಟುಕೊಂಡು ನುಡಿಸಿದರು. ಭಾಗಗಳಿಗೆ ಮಂಗಳ, ಶುಕ್ರ, ಗುರು, ಶನಿ ಎಂದು ಗ್ರಹಗಳ ಹೆಸರು. ಕೋಲ್ಟ್ರೇನ್ ಭಾರತದ ಸಂಗೀತವನ್ನು ಆದರದಿಂದ ಕೇಳಿದವರು. ರವಿಶಂಕರರ ಮೇಲಿನ ಗೌರವದಿಂದ ಮಗನಿಗೆ ರವಿ ಎಂದು ಹೆಸರಿಟ್ಟವರು. ಈ ವಾದನದಲ್ಲಿ ಅವರು ಕೆಲವೆಡೆ ಸ್ಯಾಕ್ಸೋಫೋನನ್ನು ಬದಿಗಿಟ್ಟು ಕಿರುಗಂಟೆಗಳನ್ನು ಅಲ್ಲಾಡಿಸುತ್ತಾರೆ. ಎಂದರೆ ಊದುವವರೇ ಬಾರಿಸುವವರ ಸಾಲಿಗೆ ಬಂದು ಕೂರುತ್ತಾರೆ. ರಶೀದ್ ಅಲಿಯವರು ಒಂದೇ ಎಣಿಕೆಯ ತಾಳವನ್ನು ಹಿಡಿಯುವುದಿಲ್ಲ. ಹಲವು ಕಡೆಯಿಂದ ಒಮ್ಮೆಗೇ ಬರುವ ಅಲೆಗಳಂತೆ ಅವರ ಪೆಟ್ಟು ಬೀಳುತ್ತದೆ. ಯಾವ ಅಲೆಯನ್ನು ಹತ್ತಬೇಕೆಂಬುದು ಊದುವವರಿಗೆ ಬಿಟ್ಟದ್ದು. ಅದೇ ವರ್ಷ ಜುಲೈ 17ರಂದು ಕೋಲ್ಟ್ರೇನ್ ತೀರಿಕೊಂಡರು. ಮುದ್ರಿಕೆ ಹೊರಬಂದದ್ದು 1974ರಲ್ಲಿ. ಅದನ್ನು ಕೇಳಿದವರಿಗೆ ಡ್ರಮ್ಮು ಪಕ್ಕವಾದ್ಯವೆಂಬ ಮಾತನ್ನು ಮತ್ತೆ ಹೇಳುವುದು ಕಷ್ಟವಾಯಿತು.

ಆದರೆ ಸ್ಟುಡಿಯೋ ಒಂದು ರೀತಿಯ ಏಕಾಂತ. ಬೇಡವೆನಿಸಿದರೆ ನಿಲ್ಲಿಸಿ ಮತ್ತೆ ನುಡಿಸಬಹುದು. ಸಭೆಯ ಎದುರಿಗೆ ಆ ಆಶ್ರಯವಿಲ್ಲ. ವಿಲ್ಲಿಸಾವಿನ ಮುದ್ರಿಕೆಯ ಬೆಲೆ ಇರುವುದು ಇಲ್ಲಿ. ರೋಚ್ ಅವರಿಗೆ ಅಂದು 55 ವರ್ಷ, ಬ್ರಾಕ್ಸ್‌ಟನ್ ಅವರಿಗೆ 34. ಚಾರ್ಲಿ ಪಾರ್ಕರ್ ಅವರ ಕಾಲದಿಂದಲೂ ಬಾರಿಸಿದ ಹಿರಿಯರು ಡ್ರಮ್ಮಿನಲ್ಲಿ. ಅವರಿಗಿಂತ ಇಪ್ಪತ್ತೊಂದು ವರ್ಷ ಕಿರಿಯರು ಸ್ಯಾಕ್ಸೋಫೋನಿನಲ್ಲಿ. ಹಿಂದಿನ ದಿನ ಅದೇ ಉತ್ಸವದಲ್ಲಿ ರೋಚ್ ಅವರು ಆರ್ಚಿ ಶೆಪ್ ಎಂಬ ಇನ್ನೊಬ್ಬ ಸ್ಯಾಕ್ಸೋಫೋನ್ ವಾದಕರೊಡನೆ ನುಡಿಸಿದ್ದರು, ಅದೂ ಮುದ್ರಿತವಾಯಿತು. ಮರುವರ್ಷ ಅದೇ ಊರಿನಲ್ಲಿ ಡ್ಯೂಯಿ ರೆಡ್‌ಮನ್ ಮತ್ತು ಎಡ್ ಬ್ಲ್ಯಾಕ್‌ವೆಲ್ ಎಂಬ ಮತ್ತೊಂದು ಜೋಡಿ. ಹೀಗೆ ಒಂದೇ ಸಣ್ಣ ಊರಿನಿಂದ ಎರಡು ವರ್ಷಗಳಲ್ಲಿ ಮೂರು ಜೋಡಿಗಳ ನುಡಿಸಾಣಿಕೆ ಲೋಕಕ್ಕೆ ಉಳಿಯಿತು. ಮುದ್ರಿಕೆಯ ಹೊದಿಕೆಯ ಮೇಲೆ ಇಬ್ಬರ ಹೆಸರೂ ಒಂದೇ ಸಾಲಿನಲ್ಲಿ. ವಿಲ್ಲಿಸಾವಿನ ಹೆಸರು ಇಂದು ಸಂಗೀತರಸಿಕರ ಬಾಯಲ್ಲಿದ್ದರೆ ಅದಕ್ಕೆ ಕಾರಣ ದೊಡ್ಡದೇನೂ ಅಲ್ಲ: ಅಲ್ಲಿ ಕರೆಯುವವರಿದ್ದರು, ಕೇಳುವವರಿದ್ದರು, ಸರಿಯಾದ ಹೊತ್ತಿಗೆ ಯಂತ್ರವನ್ನು ಓಡಿಸುವವರಿದ್ದರು.

ಇನ್ನು ನಮ್ಮ ನಾಡಿಗೆ ಬರೋಣ. ಕೋಲ್ಟ್ರೇನ್ ಮುದ್ರಿಕೆಗೆ ಮೂರು ವರ್ಷ ಮೊದಲೇ, 1964ರಲ್ಲಿ, ಬೆಂಗಳೂರಿನಲ್ಲಿ ಮೃದಂಗ ವಿದ್ವಾನ್ ಟಿ. ಎ. ಎಸ್. ಮಣಿಯವರು ಕರ್ನಾಟಕ ತಾಳವಾದ್ಯ ಕಲಾಶಾಲೆಯನ್ನು ತೆರೆದರು. ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂದು ಅದರ ಪ್ರಸಿದ್ಧ ಹೆಸರು. ಲಯವಾದ್ಯಗಳಿಗೇ ಮೀಸಲಾದ ಶಾಲೆ. ಅದರೊಡನೆ ಬೆಳೆದ ಮೇಳದಲ್ಲಿ ಮೃದಂಗ, ಘಟ, ಖಂಜಿರ, ಮೋರ್ಸಿಂಗ್, ಬಾಯಲ್ಲಿ ಜತಿ ಹೇಳುವ ಕೊನ್ನಕ್ಕೋಲು, ಜೊತೆಗೆ ಮಣಿಯವರ ಪತ್ನಿ ಆರ್. ಎ. ರಮಾಮಣಿಯವರ ಗಾಯನ. ಇಲ್ಲಿ ತನಿ ಆವರ್ತನ ಕಚೇರಿಯ ನಡುವಿನ ಬಿಡುವಾಗಿರಲಿಲ್ಲ. ಅಮೆರಿಕದಲ್ಲಿ ಮ್ಯಾಕ್ಸ್ ರೋಚ್ ಅವರು ಬಾರಿಸುವ ವಾದ್ಯಗಳದೇ ಒಂದು ಮೇಳವನ್ನು ಕಟ್ಟಿದ್ದು 1970ರಲ್ಲಿ. ಒಬ್ಬರನ್ನೊಬ್ಬರು ಅರಿಯದ ಇಬ್ಬರು ಲಯಜ್ಞರು, ಎರಡು ದೂರದ ನಗರಗಳಲ್ಲಿ, ಒಂದೇ ದಶಕದ ಅಂತರದಲ್ಲಿ, ಒಂದೇ ಕೊರತೆಗೆ ಒಂದೇ ಪರಿಹಾರವನ್ನು ಕಂಡುಕೊಂಡರು.

ಬೆಂಗಳೂರಿನ ಈ ಲಯಕ್ಕೆ ಹೊರಗಿನಿಂದ ಒಂದು ಸ್ಯಾಕ್ಸೋಫೋನ್ ಹುಡುಕಿಕೊಂಡು ಬಂತು. ಬಾಸ್ಟನ್ನಿನಲ್ಲಿ 1923ರಲ್ಲಿ ಹುಟ್ಟಿದ ಚಾರ್ಲಿ ಮರಿಯಾನೊ ಅಮೆರಿಕದ ದೊಡ್ಡ ಮೇಳಗಳಲ್ಲಿ ನುಡಿಸಿ ಹೆಸರಾದವರು. 1960ರ ದಶಕದಲ್ಲಿ ಮಲೇಷ್ಯದಲ್ಲಿದ್ದಾಗ ಅಲ್ಲಿಯ ತಮಿಳರ ನಾಗಸ್ವರ ಅವರ ಕಿವಿಗೆ ಬಿತ್ತು. ಜೀವಮಾನವೆಲ್ಲ ಊದಿದ ಮನುಷ್ಯ, ಮಧ್ಯವಯಸ್ಸಿನಲ್ಲಿ ದಕ್ಷಿಣ ಭಾರತಕ್ಕೆ ಬಂದು ಆ ವಾದ್ಯವನ್ನು ಶಿಷ್ಯನಾಗಿ ಕಲಿತರು. ಜರ್ಮನಿಯ ಎಂಬ್ರಿಯೋ ಎಂಬ ತಂಡವೂ 1978-79ರ ಸುಮಾರಿಗೆ ಭೂಮಾರ್ಗವಾಗಿ ಭಾರತಕ್ಕೆ ಬಂದು ಮಣಿಯವರ ಮೇಳದೊಡನೆ ಸ್ನೇಹ ಬೆಳೆಸಿತ್ತು. 1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬುರ್ಗ್ ನಗರದಲ್ಲಿ ಮರಿಯಾನೊ ಅವರೂ ಬೆಂಗಳೂರಿನ ಮೇಳವೂ ಕೂಡಿ 'ಜ್ಯೋತಿ' ಎಂಬ ಮುದ್ರಿಕೆಯನ್ನು ಮಾಡಿದರು. ಮೃದಂಗ ಮಣಿಯವರದು, ಘಟ ಮತ್ತು ಮೋರ್ಸಿಂಗ್ ಆರ್. ಎ. ರಾಜಗೋಪಾಲ್ ಅವರದು, ಖಂಜಿರ ಟಿ. ಎನ್. ಶಶಿಕುಮಾರ್ ಅವರದು, ಕಂಠವೂ ತಂಬೂರಿಯೂ ರಮಾಮಣಿಯವರವು. ಅದರ ಭಾಗಗಳಲ್ಲಿ 'ವಂದನಂ', 'ವರ್ಷಿಣಿ', 'ಸಪ್ತರ್ಷಿ' ಎಂಬ ಹೆಸರುಗಳಿವೆ. ಮುಂದೆ ಇದೇ ಕೂಟ ಸಭೆಯ ಎದುರಿಗೆ ನುಡಿಸಿದ್ದೂ 'ಲೈವ್' ಎಂಬ ಹೆಸರಿನಲ್ಲಿಯೇ ಹೊರಬಂತು. ಹೊದಿಕೆಯ ಮೇಲೆ ಸ್ಯಾಕ್ಸೋಫೋನ್ ವಾದಕರ ಹೆಸರಿನ ಜೊತೆಗೆ ಒಂದು ತಾಳವಾದ್ಯದ ಶಾಲೆಯ ಹೆಸರು, ಅದರಲ್ಲಿ ಕರ್ನಾಟಕವೆಂಬ ನಮ್ಮ ನಾಡಿನ ಹೆಸರು. ಯಾವ ಗಾಯಕರ ಕೆಳಗೂ ಅಲ್ಲ, ಯಾವ ವೀಣೆಯ ಪಕ್ಕಕ್ಕೂ ಅಲ್ಲ.

ಸ್ಯಾಕ್ಸೋಫೋನನ್ನೇ ನಮ್ಮದಾಗಿಸಿದವರ ಕಥೆ ಇನ್ನೊಂದು ದಾರಿಯಿಂದ ಬರುತ್ತದೆ. ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ಬ್ಯಾಂಡ್ ಇತ್ತು. ದಸರೆಯ ದಿನಗಳಲ್ಲಿ ಅದನ್ನು ಕೇಳದ ಹಳೆಯ ಮೈಸೂರಿಗರಿಲ್ಲ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಗೋಪಾಲನಾಥರು ನಾಗಸ್ವರ ವಿದ್ವಾಂಸರಾದ ತನಿಯಪ್ಪನವರ ಮಗ. ಎಳೆಯ ವಯಸ್ಸಿನಲ್ಲಿ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನಿನ ದನಿ ಕೇಳಿ ಅದಕ್ಕೆ ಮನಸೋತರು. ಮಂಗಳೂರಿನಲ್ಲಿ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತು, ಗಮಕಕ್ಕೆ ಒಗ್ಗದ ಆ ಲೋಹದ ವಾದ್ಯದ ಕೀಲಿಗಳನ್ನು ತಮಗೆ ಬೇಕಾದಂತೆ ತಿದ್ದಿಸಿಕೊಂಡು, ವರ್ಷಗಟ್ಟಲೆ ಸಾಧನೆ ಮಾಡಿದರು. ಮದರಾಸಿನಲ್ಲಿ ಅವರನ್ನು ತಿದ್ದಿದ ಗುರು ಟಿ. ವಿ. ಗೋಪಾಲಕೃಷ್ಣನ್ ಅವರು ಗಾಯಕರಷ್ಟೇ ಅಲ್ಲ, ದೊಡ್ಡ ಮೃದಂಗ ವಿದ್ವಾಂಸರೂ ಹೌದೆಂಬುದನ್ನು ಇಲ್ಲಿ ನೆನೆಯುವುದು ಉಚಿತ. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಕದ್ರಿ ಗೋಪಾಲನಾಥರೂ ಅಮೆರಿಕದ ಜಾನ್ ಹ್ಯಾಂಡಿಯವರೂ ಕೂಡಿ ನುಡಿಸಿದರು. ಒಂದೇ ವಾದ್ಯದ ಎರಡು ಭಾಷೆಗಳು ಅಂದು ಒಂದೇ ವೇದಿಕೆಯಲ್ಲಿ ಭೇಟಿಯಾದವು. 1994ರಲ್ಲಿ ಗೋಪಾಲನಾಥರು ಲಂಡನ್ನಿನ ಪ್ರೊಮನೇಡ್ ಕಚೇರಿಗಳಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ತೀರಿಕೊಂಡರು.

ಅವರು ತೀರಿಕೊಳ್ಳುವುದಕ್ಕೆ ಹನ್ನೊಂದು ವರ್ಷ ಮೊದಲು, 2008ರಲ್ಲಿ, 'ಕಿನ್ಸ್‌ಮೆನ್' ಎಂಬ ಮುದ್ರಿಕೆ ಹೊರಬಂದಿತ್ತು. ಬಂಧುಗಳು ಎಂದು ಅದರ ಅರ್ಥ. ಅದನ್ನು ರೂಪಿಸಿದವರು ಕರ್ನಾಟಕ ಮೂಲದ ಮನೆತನದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ. ಅದರಲ್ಲಿ ಎರಡು ಸ್ಯಾಕ್ಸೋಫೋನುಗಳು, ಮಹಾಂತಪ್ಪನವರದೂ ಕದ್ರಿಯವರದೂ. ಎರಡು ಲಯ, ಪೂವಲೂರು ಶ್ರೀಜಿಯವರ ಮೃದಂಗವೂ ಅಮೆರಿಕದ ಡ್ರಮ್ಮುಗಳೂ. ದೂರ ಹೋದ ಮನೆಯ ಮಗ ಹಿರಿಯರನ್ನು ಹುಡುಕಿಕೊಂಡು ಬಂದಂತೆ ಆ ಮುದ್ರಿಕೆ ಕೇಳಿಸುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಭೇದವನ್ನು ಮುಚ್ಚಿಡಬಾರದು. 'ಜ್ಯೋತಿ'ಯಾಗಲಿ ಕದ್ರಿಯವರ ಕಚೇರಿಯಾಗಲಿ ವಿಲ್ಲಿಸಾವಿನ ಅರ್ಥದಲ್ಲಿ ಕಟ್ಟಿಲ್ಲದ ಸಂಗೀತವಲ್ಲ. ನಮ್ಮಲ್ಲಿ ರಾಗಕ್ಕೆ ಮೇರೆಯುಂಟು, ತಾಳಕ್ಕೆ ಆವರ್ತವುಂಟು. ಎಷ್ಟು ಸುತ್ತಾಡಿದರೂ ಸಮಕ್ಕೆ ಬಂದು ಸೇರಬೇಕು. ಸೇರಿದ ಕ್ಷಣದಲ್ಲಿ ಸಭೆ ತಲೆದೂಗುತ್ತದೆ. ಬುಕ್ಕಾಪಟ್ಟಣದ ಸೀಮೆಯ ಮುಖವೀಣೆ ಮದ್ದಳೆಗಳೂ ಹೀಗೆಯೇ. ವಿಲ್ಲಿಸಾವಿನ ಇಬ್ಬರಿಗೆ ಅಂಥ ಮನೆಯಿಲ್ಲ. ಅವರು ಮನೆಯನ್ನು ನಡೆಯುತ್ತಲೇ ಕಟ್ಟಬೇಕು. ಹೀಗಿದ್ದೂ ಎರಡು ಕಡೆಯೂ ಒಂದು ಶರತ್ತು ಸಮಾನ. ಪರಸ್ಪರ ಕೇಳಿಸಿಕೊಳ್ಳದಿದ್ದರೆ ಇಬ್ಬರೂ ಕೆಡುತ್ತಾರೆ. ಮೇಳ ದೊಡ್ಡದಾದರೆ ಒಬ್ಬನ ತಪ್ಪು ಇನ್ನೊಬ್ಬನ ಸದ್ದಿನಲ್ಲಿ ಮುಚ್ಚಿಹೋದೀತು. ಇಬ್ಬರೇ ಇದ್ದಾಗ ಅಡಗಲು ಸ್ಥಳವಿಲ್ಲ. ಊದುವವನ ಉಸಿರು ಮುಗಿಯುವ ಗಳಿಗೆ ಬಾರಿಸುವವನಿಗೆ ಮೊದಲೇ ತಿಳಿದಿರಬೇಕು. ಬಾರಿಸುವವನ ಕೈ ಎತ್ತ ತಿರುಗುವುದೆಂದು ಊದುವವನು ಊಹಿಸಬೇಕು. ಇದು ಯಜಮಾನ ಸೇವಕರ ಸಂಬಂಧದಲ್ಲಿ ಆಗುವ ಕೆಲಸವಲ್ಲ.

ಹೆಸರಿನ ಪ್ರಶ್ನೆಗೆ ಮರಳೋಣ. ಈ ವಿಷಯದಲ್ಲಿ ರೇಡಿಯೋ ಮಾಡಿದ ಒಂದು ಸಣ್ಣ ಉಪಕಾರವನ್ನು ನಾವು ಎಣಿಸಿಯೇ ಇಲ್ಲ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆಕಾಶವಾಣಿಯನ್ನು ಆರಂಭಿಸಿದರು. ಬೆಂಗಳೂರು ಕೇಂದ್ರ 1955ರಲ್ಲಿ ಬಂತು. ಕಚೇರಿಯ ಮೊದಲಲ್ಲೂ ಕೊನೆಯಲ್ಲೂ ಉದ್ಘೋಷಕರು ಗಾಯಕರ ಹೆಸರಾದ ಮೇಲೆ ಪಿಟೀಲಿನವರ, ಮೃದಂಗದವರ, ಘಟದವರ ಹೆಸರನ್ನು ಒಂದೊಂದಾಗಿ ಹೇಳುವುದು ರೇಡಿಯೋದ ಪದ್ಧತಿ. ಅಲ್ಲಿ ದಪ್ಪಕ್ಷರ ಸಣ್ಣಕ್ಷರಗಳಿಲ್ಲ. ಎಲ್ಲ ಹೆಸರಿಗೂ ಒಂದೇ ದನಿ. ವೇದಿಕೆಯನ್ನೇ ಕಾಣದ ಹಳ್ಳಿಯ ಶ್ರೋತೃಗಳು ಮೃದಂಗ ವಿದ್ವಾಂಸರನ್ನು ಹೆಸರು ಹಿಡಿದು ಗುರುತಿಸುವಂತಾದುದು ಈ ಪದ್ಧತಿಯಿಂದಲೇ.

ಮುಖವೀಣೆಯವನಿಗೂ ಮದ್ದಳೆಯವನಿಗೂ ಇಷ್ಟೇ ಮರ್ಯಾದೆ ಸಲ್ಲಬೇಕಾಗಿದೆ. ಕಾಲ ಕಡಮೆಯಿದೆ. ಎಷ್ಟೋ ಮೂಡಲಪಾಯ ಮೇಳಗಳಲ್ಲಿ ಮುಖವೀಣೆಯ ಸ್ಥಳದಲ್ಲಿ ಹಾರ್ಮೋನಿಯಂ ಬಂದು ಕುಳಿತಿದೆ. ಮುಖವೀಣೆಗೆ ದಮ್ಮು ಬೇಕು, ಬಾಲ್ಯದಿಂದಲೇ ಅಭ್ಯಾಸ ಬೇಕು. ಅದನ್ನು ಕಲಿತವನಿಗೆ ಸಿಕ್ಕುವ ಕೂಲಿ ಮಗನೂ ಅದನ್ನೇ ಕಲಿಯಲಿ ಎಂದು ಹೇಳುವಷ್ಟು ಎಂದೂ ಇರಲಿಲ್ಲ. ಹಾರ್ಮೋನಿಯಂ ಪೆಟ್ಟಿಗೆ ಬಂದಾಗ ಮದ್ದಳೆಯೂ ಬದಲಾಗುತ್ತದೆ. ಉಸಿರಿನೊಡನೆ ಮಾತಾಡುತ್ತಿದ್ದ ಕೈ, ತಿದಿಯೊಡನೆ ಲೆಕ್ಕ ಒಪ್ಪಿಸುವ ಕೈಯಾಗುತ್ತದೆ. ಜೋಡಿಯಲ್ಲಿ ಒಂದು ಹೋದರೆ ಇನ್ನೊಂದೂ ಅರ್ಧ ಹೋದಂತೆಯೇ.

ಬುಕ್ಕಾಪಟ್ಟಣದ ಕಾಡಿನಲ್ಲಿ ಚಿಂಕಾರ ಎಂಬ ಅಪರೂಪದ ಜಿಂಕೆಗಳಿರುವುದು ಗೊತ್ತಾದಮೇಲೆ 2019ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಸಾರಿದರು. ಒಳ್ಳೆಯ ಕೆಲಸ. ಆ ಕಾಡಿನಂಚಿನ ಊರುಗಳ ಸದ್ದಿಗೆ ಅಂಥ ಬೇಲಿ ಕಟ್ಟಲಾಗದು, ಕಟ್ಟಲೂಬಾರದು. ಸದ್ದು ಬೇಲಿಯೊಳಗೆ ಬದುಕುವುದಿಲ್ಲ. ಆಗುವ ಕೆಲಸ ಒಂದುಂಟು. ಮುಂದಿನ ಸುಗ್ಗಿಯ ನಂತರ ಯಾವುದಾದರೂ ಬಯಲಿನಲ್ಲಿ ಮುಖವೀಣೆ ಮದ್ದಳೆಗಳ ಆಟ ನಡೆದರೆ, ಆ ರಾತ್ರಿಯನ್ನು ಇದ್ದದ್ದು ಇದ್ದಂತೆ ಹಿಡಿದಿಡುವುದು. ಜನರ ಕೇಕೆ, ಮಕ್ಕಳ ಅಳು, ನಡುರಾತ್ರಿಯ ನಾಯಿಯ ಬೊಗಳು, ಎಲ್ಲವೂ ಅದರಲ್ಲಿರಲಿ. ಸಭೆಯ ಎದುರಿನ ಮುದ್ರಣವೆಂದರೆ ಅದೇ. ಇಂದು ಅದಕ್ಕೆ ಬೇಕಾದ ಯಂತ್ರ ಪ್ರತಿಯೊಬ್ಬ ಹುಡುಗನ ಜೇಬಿನಲ್ಲಿದೆ. ಮುದ್ರಿಸಿದ ಮೇಲೆ ಬರೆದಿಡಬೇಕಾದದ್ದು ಎರಡು ಸಾಲು. ಊದಿದವರು ಇಂಥವರು, ಬಾರಿಸಿದವರು ಇಂಥವರು. ಒಂದು ಹೆಸರನ್ನು ಬರೆದು ಇನ್ನೊಂದನ್ನು ಬಿಟ್ಟರೆ ಅರ್ಧ ರಾತ್ರಿಯನ್ನು ಕಳೆದುಕೊಂಡಂತೆಯೇ ಸರಿ.